ಎಡಗಡೆ ಕೂತವನು

ಕಲ್ಯಾಣಿ
20 ಜನವರಿ 1948

ತಮ್ಮ ವೈಜನಾಥನಿಗೆ ಅಕ್ಕ ಭೀಮಬಾಯಿಯ ಆಶೀರ್ವಾದ.

ಎಳ್ಳಮಾವಾಸ್ಯೆಗೆ ಅಕ್ಕ ಬುತ್ತಿ ಕಳಿಸಲಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರಬೇಕು. ಅಡತಿ ಅಂಗಡಿಯ ಗುಮಾಸ್ತನಾದ ಮೇಲೆ ನಿನ್ನ ಸಿಟ್ಟಿಗೂ ಬೆಲೆ ಏರಿದೆ. ಇರಲಿ. ಕಳಿಸದಿದ್ದುದಕ್ಕೆ ಕಾರಣವಿದೆ. ಗಾಬರಿಯಾಗಬೇಡ, ನಿನ್ನ ಮಾಮಾ ಬದುಕಿದ್ದಾರೆ, ನನ್ನ ಕುಂಕುಮ ಉಳಿದಿದೆ.

ಅಮಾವಾಸ್ಯೆಗೆ ಮುಂಚೆ ರಾಜೇಶ್ವರದ ಮದುವೆಯ ಮನೆಯೊಂದಕ್ಕೆ ಪೂಜೆಗಿಡುವ ಐರಾಣಿ ಗಡಿಗೆಗೆ ಚಿತ್ರ ಬರೆದು ತಲುಪಿಸಲು ಹೋಗಿದ್ದರು. ಬಂಡಿ ಪಕ್ಕದ ಮನೆಯ ಪೀರ್ ಪಾಷಾನದು, ಹೊಡೆದವನೂ ಅವನೇ. ಹೊತ್ತು ಇಳಿಯುವಾಗ ಬಂಡಿ ಬಂದ ಸಪ್ಪಳ ಕೇಳಿ ಹೊರಗೆ ಬಂದರೆ, ಇವರು ಹುಲ್ಲಿನ ಮೇಲೆ ಬಿದ್ದಿದ್ದಾರೆ. ತಲೆಗೆ ಪೀರ್ ಪಾಷಾನ ಹಸಿರು ರುಮಾಲು ಸುತ್ತಿದೆ. ಅದರಲ್ಲಿ ಹಸಿರು ಉಳಿದಿರಲಿಲ್ಲ. "ಬಂಡಿ ಮಗಚಿತ್ರಿ ವೈನಿ, ಕಲ್ಲಿಗಿ ತಲಿ ಬಡೀತು" ಎಂದ. ಅಷ್ಟು ಹೇಳಿ ಎತ್ತಿನ ಕೊರಳು ಹಿಡಿದುಕೊಂಡು ನಿಂತುಬಿಟ್ಟ, ನನ್ನ ಮುಖ ನೋಡಲಿಲ್ಲ.

ಪೆಟ್ಟು ಬಲಗಿವಿಯ ಮೇಲೆ. ಗಾಯ ಮಾಯುತ್ತಿದೆ, ಆದರೆ ಮನುಷ್ಯ ಮೊದಲಿನ ಹಾಗಿಲ್ಲ. ತಾಟಿನಲ್ಲಿ ರೊಟ್ಟಿ ಹಾಕಿದರೆ ಬಲಗಡೆಯ ಅರ್ಧ ತಿನ್ನುತ್ತಾರೆ, ಎಡಗಡೆಯದು ಹಾಗೇ ಇರುತ್ತದೆ. "ಹಸಿವಿ ಆಗ್ಯದ, ರೊಟ್ಟಿ ಹಾಕು" ಎಂದು ನನ್ನ ಮೇಲೆ ರೇಗುತ್ತಾರೆ. ನಾನು ತಾಟು ತಿರುಗಿಸಿಟ್ಟರೆ ಉಳಿದದ್ದನ್ನು ಹೊಸ ರೊಟ್ಟಿಯೆಂದೇ ತಿನ್ನುತ್ತಾರೆ. ಗಡ್ಡ ಹೆರೆದುಕೊಂಡರೆ ಅರ್ಧ ಮುಖ. ಎಡಗೈಯನ್ನು ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿರುತ್ತಾರೆ. ಡಾಕ್ಟರು ಬಂದು ನೋಡಿದರು. ಕಣ್ಣು ಎರಡೂ ನೆಟ್ಟಗಿವೆ, ಪೆಟ್ಟು ಮೆದುಳಿಗೆ ಆಗಿದೆ, ಎಡಗಡೆ ಎಂಬುದೊಂದು ಇದೆ ಎಂಬುದೇ ಅವರಿಗೆ ಮರೆತಿದೆ ಎಂದರು. ಆ ದಿನ ಏನಾಯಿತೆಂದು ಕೇಳಿದರೆ ಇವರಿಗೆ ಏನೂ ನೆನಪಿಲ್ಲ.

ಕುಂಚ ಮುಟ್ಟಿಲ್ಲ. ನನಗೆ ಅದೇ ಹೆಚ್ಚಿನ ಭಯ.

ನಿನ್ನ ಅಕ್ಕ,
ಭೀಮಬಾಯಿ


ಹುಮನಾಬಾದ
8 ಫೆಬ್ರವರಿ 1948

ಅಕ್ಕನಿಗೆ ವೈಜನಾಥನ ನಮಸ್ಕಾರಗಳು.

ನಿನ್ನ ಪತ್ರ ಓದಿ ಎರಡು ಹೊತ್ತು ಊಟ ಸೇರಲಿಲ್ಲ. ಅಪ್ಪ ಸತ್ತಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು ಬಂಡೆಪ್ಪ ಮಾಮಾ. ನನ್ನ ಕೈಗೆ ಮೊದಲು ಬಳಪ ಕೊಟ್ಟವರೂ ಅವರೇ. ಹೊರಟು ಬರಬೇಕೆಂದಿದ್ದೆ. ಅಂಗಡಿಯ ಸಾಹುಕಾರರು ಬಿಡಲಿಲ್ಲ. ದಾರಿಯಲ್ಲಿ ನಿಜಾಮನ ಕಡೆಯ ಖಾಕಿ ತೊಟ್ಟ ರಜಾಕಾರರು ಬಂಡಿ ತಡೆಯುತ್ತಾರೆ, ಹರೆಯದವರನ್ನು ಕಂಡರೆ ಬಿಡುವುದಿಲ್ಲ.

ಒಂದು ಮಾತು ಕೇಳುತ್ತೇನೆ. ಆ ದಾರಿಯಲ್ಲಿ ನಾನೂ ನಡೆದು ಬೆಳೆದವನು. ಕರಿಮಣ್ಣಿನ ಬಯಲು, ಅಂಗೈಯಷ್ಟು ಸಮ. ಬಂಡಿ ಮಗುಚುವ ಜಾಗ ಅಲ್ಲಿ ಎಲ್ಲಿದೆ? ಬಂಡಿಯ ಗಾಲಿ ಮುರಿದಿದೆಯೇ? ಪೀರ್ ಪಾಷಾನ ಮೈಮೇಲೆ ಒಂದು ತರಚು ಗಾಯವಾದರೂ ಇದೆಯೇ? ನೋಡಿ ಬರೆ.

ಇಲ್ಲಿ ಹುಡಗಿ ಊರಿನ ಅಮೋಘಸಿದ್ದಪ್ಪ ಎಂಬವನ ಸ್ನೇಹವಾಗಿದೆ. ಅವನ ಅಣ್ಣನನ್ನು ಹೋದ ತಿಂಗಳು ರಜಾಕಾರರು ಹಾದಿಯಲ್ಲೇ ಬಡಿದು ಕೊಂದರು. ಅವನು ನಗುವುದನ್ನು ನಾನು ನೋಡಿಲ್ಲ. ನಿನ್ನ ಪತ್ರ ಅವನಿಗೂ ಓದಿ ಹೇಳಿದೆ. "ನಿಮ್ಮ ಮಾಮಾಗ ಬಾಯಿಲಿಂದ ಹೇಳಾಕ ಆಗಂಗಿಲ್ಲ ಅಂದ್ರ, ಕೈಲಿಂದ ಹೇಳ್ಲಿ" ಎಂದ. ಅದಕ್ಕೇ ಕಾಗದದ ಕಟ್ಟು, ನೀಲಿಯ ಪುಡಿ ಕಳಿಸಿದ್ದೇನೆ. ಮಾಮಾನ ಕೈಗೆ ಕೊಡು. ಆ ದಿನದ ದಾರಿಯನ್ನು ಬರೆಯಲು ಹೇಳು. ಬರೆದದ್ದನ್ನು ನನಗೆ ಕಳಿಸು.

ಇನ್ನು ಮೇಲೆ ಟಪಾಲಿಗೆ ಹಾಕಬೇಡ, ಒಡೆದು ಓದುತ್ತಾರೆ. ದುಬಲಗುಂಡಿಯ ಧೂಳಮ್ಮ ಬಳೆ ಮಾರುತ್ತಾ ಎರಡೂ ಊರಿಗೆ ಬರುತ್ತಾಳೆ, ಅವಳ ಬುಟ್ಟಿಯಲ್ಲಿ ಇಡು.

ವೈಜನಾಥ


ಕಲ್ಯಾಣಿ
11 ಏಪ್ರಿಲ್ 1948

ತಮ್ಮನಿಗೆ ಆಶೀರ್ವಾದ.

ನೀನು ಕಳಿಸಿದ ಕಾಗದ ನೋಡಿ ಮೊದಲು ನಾನು ನಕ್ಕೆ. ಮಣ್ಣಿನ ಗಡಿಗೆಯ ಮೇಲೆ ಬರೆಯುವವರಿಗೆ ಸಾಹುಕಾರರ ಕಾಗದವೇ ಎಂದು. ಈಗ ನಗುವುದಿಲ್ಲ. ನಿನ್ನ ಮಾಮಾ ಬರೆದರು, ವೈಜೂ! ಇದ್ದಿಲಿನ ತುಂಡು ಹಿಡಿದು ನಡುಗುತ್ತಾ ನಡುಗುತ್ತಾ ಒಂದು ಎತ್ತು ಬರೆದರು. ನಾನು ಒಲೆಯ ಮುಂದೆ ಕೂತು ಅತ್ತೆ. ಅಂದು ಅವರಿಗೆ ಸಿಟ್ಟೂ ಬರಲಿಲ್ಲ, ನಿದ್ದೆಯೂ ಚೆನ್ನಾಗಿ ಬಂತು. ಪೆಟ್ಟಾದಾಗಿನಿಂದ ತೊದಲುತ್ತಿದ್ದ ಮಾತು ಕೂಡ ಬರೆಯುವಾಗ ತೊದಲುವುದಿಲ್ಲ.

ಬಂಡಿಯ ಗಾಲಿ ಕೇಳಿದ್ದೆಯಲ್ಲ, ಮುರಿದಿಲ್ಲ. ಪೀರ್ ಪಾಷಾನ ಮುಂಗೈ ಬಾತು ಎಷ್ಟೋ ದಿನ ಹಾಗೇ ಇತ್ತು. ಬಂಡಿಯ ಕೆಳಗೆ ಸಿಕ್ಕಿತ್ತಂತೆ.

ಅವನು ದಿನಾ ಬರುತ್ತಾನೆ. ಡಾಕ್ಟರ ಮಾತು ಅವನ ತಲೆಯಲ್ಲಿ ಕೂತಿದೆ. ಬೇಕೆಂದೇ ಎಡಗಡೆ ಕೂತು, "ಬಂಡೆಪ್ಪಣ್ಣಾ, ಈ ಕಡಿ ನೋಡ್ರಿ, ನಾ ಇಲ್ಲಿ ಕುಂತೀನಿ" ಎಂದು ಕರೆಯುತ್ತಾನೆ. ಇವರು ಬಲಗಡೆಯೆಲ್ಲ ಹುಡುಕಿ "ಪೀರ್‍ಯಾ ಎಲ್ಲಿ ಅದಾನ?" ಎಂದು ನನ್ನನ್ನೇ ಕೇಳುತ್ತಾರೆ. ಅವನು ಬೇಸರಪಡುವುದಿಲ್ಲ, ಮತ್ತೆ ಕರೆಯುತ್ತಾನೆ. ಹೆಂಡತಿ ವಜೀರಬಿ ಗೋಡೆಯ ಆಚೆಯಿಂದ ಬೈಯುತ್ತಾಳೆ, ಎತ್ತಿಗೆ ನೀರು ಯಾರು ತೋರಿಸಬೇಕು ಎಂದು.

ನೀನು ಕೇಳಿದ ಚಿತ್ರ ಇದರೊಂದಿಗೆ ಇಟ್ಟಿದ್ದೇನೆ. ಎಡಗಡೆ ಬಿಳಿಯಾಗಿಯೇ ಬಿಟ್ಟಿದ್ದಾರೆ. ಬಲಗಡೆ ನೋಡು, ಕೊಂಬು ಮುರಿದ ಎತ್ತು, ರುಮಾಲು ಸುತ್ತಿದ ಪೀರ್ ಪಾಷಾ, ಕೈಯಲ್ಲಿ ಎತ್ತಿದ ಬಾರಕೋಲು. ಬಂಡಿ ಹೊಡೆಯುವಾಗ ಅವನು ನಿಲ್ಲುವುದೇ ಹಾಗೆ, ಥೇಟು ಅವನೇ. ಅವನ ಕಾಲ ಬಳಿ ಬಿದ್ದವರು ತಾವೇ ಅಂತೆ. ಜೋಪಾನವಾಗಿ ಇಟ್ಟುಕೋ.

ನಿನ್ನ ಅಕ್ಕ


ಹುಮನಾಬಾದ
2 ಮೇ 1948

ಅಕ್ಕನಿಗೆ ನಮಸ್ಕಾರ.

ಚಿತ್ರ ಕೈಸೇರಿತು. ನಾನೂ ಅಮೋಘಸಿದ್ದಪ್ಪನೂ ನೋಡಿದೆವು.

ನೀನು ಅದನ್ನು ಸರಿಯಾಗಿ ನೋಡಿದೆಯಾ? ಬಂಡಿ ಹೊಡೆಯುವವನು ಎತ್ತಿನ ಹಿಂದೆ ಇರುತ್ತಾನೆ, ಮುಂದೆ ನಿಲ್ಲುವುದಿಲ್ಲ. ಬಾರಕೋಲು ಎತ್ತಿನ ಮೇಲೆ ಇಲ್ಲ. ಅದರ ಕೆಳಗೆ ಬಿದ್ದಿರುವವರು ಯಾರು, ನೀನೇ ಬರೆದಿದ್ದೀಯ.

ಅವನು ನಿಮ್ಮ ಮನೆಗೆ ದಿನಾ ಯಾಕೆ ಬರುತ್ತಾನೆ? ಮಾಮಾಗೆ ಕಾಣದ ಕಡೆಗೇ ಯಾಕೆ ಕೂಡುತ್ತಾನೆ? ನೆನಪು ಬಂತೋ ಇಲ್ಲವೋ ಎಂದು ನೋಡಿಕೊಂಡು ಹೋಗುವವನು ಹಾಗೇ ಮಾಡುತ್ತಾನೆ. ಮಾಮಾನನ್ನು ಅವನೊಬ್ಬನ ಜೊತೆ ಬಿಡಬೇಡ. ಚಿತ್ರದ ಸುದ್ದಿ ಅವನ ಕಿವಿಗೆ ಹಾಕಬೇಡ.

ವೈಜನಾಥ


ಕಲ್ಯಾಣಿ
18 ಜುಲೈ 1948

ವೈಜನಾಥ,

ನಿನ್ನ ಪತ್ರ ಓದಿದ ದಿನವೇ ಉತ್ತರ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು. ಅದಕ್ಕೇ ತಡ ಮಾಡಿದೆ. ನಿನಗೆ ಜ್ವರ ಬಂದಾಗ ವಜೀರಬಿ ದರ್ಗಾಕ್ಕೆ ಹರಕೆ ಹೊತ್ತದ್ದು ಮರೆತೆಯಾ? ಅವಳ ಗಂಡ ಇವರನ್ನು ಹೊಡೆಯುತ್ತಾನೆಯೇ? ಯಾವುದಕ್ಕೆ?

ಆದರೂ ನೀನು ಹಾಕಿದ ಹುಳು ಕೊರೆಯದೆ ಬಿಡಲಿಲ್ಲ. ಒಂದು ದಿನ ನೇರವಾಗಿ ಕೇಳಿಬಿಟ್ಟೆ, ಬಂಡಿ ನಿಜವಾಗಿ ಮಗುಚಿತೋ ಎಂದು. ಅವನ ಮುಖ ಇಳಿದುಹೋಯಿತು. "ಮಗಚಿತು ಅಂತನೇ ಅನ್ರಿ ವೈನಿ. ಹಂಗಂದ್ರ ಎರಡೂ ಮನಿ ಉಳೀತಾವ" ಎಂದ. ಇನ್ನೇನು ಕೇಳಲಿ? ಅವನಿಗೆ ಯಾರದೋ ಭಯವಿದೆ. ನನ್ನ ಭಯವಲ್ಲ.

ಈಗ ಒಳ್ಳೆಯ ಸುದ್ದಿ. ವಜೀರಬಿ ಕುಂಬಾರರಿಂದ ಒಂದು ಹೊಸ ಗಡಿಗೆ ತಂದು ಇವರ ಮುಂದಿಟ್ಟಳು. ಸುಣ್ಣ ಬಳಿದು ಕೊಟ್ಟೆ. ಇವರು ಬಲಗಡೆ ಕೆಮ್ಮಣ್ಣಿನ ಗೆರೆ ಎಳೆಯುತ್ತಾ ಬಂದು ಎಂದಿನಂತೆ ನಡುವೆ ನಿಂತರು. ಪೀರ್ ಪಾಷಾ ಎಡಗಡೆ ಕೂತಿದ್ದವನು ಗಡಿಗೆಯನ್ನು ತಿರುಗಿಸಿದ. ಖಾಲಿ ಇದ್ದ ಮಗ್ಗಲು ಬಲಗಡೆಗೆ ಬಂತು, ಇವರ ಗೆರೆ ಮುಂದೆ ಹೋಯಿತು. ಮತ್ತೆ ತಿರುಗಿಸಿದ, ಮತ್ತೆ ಹೋಯಿತು. ಗೆರೆ ಗಡಿಗೆ ಸುತ್ತಿ ಬಂದು ತನ್ನ ಬಾಲವನ್ನೇ ಮುಟ್ಟಿದಾಗ ನಿನ್ನ ಮಾಮಾ ಅದನ್ನೇ ನೋಡುತ್ತಾ ಕೂತರು. ಆಮೇಲೆ ತಾವಾಗಿ, ಮೊದಲ ಸಲ, ಎಡಕ್ಕೆ ಕತ್ತು ಹೊರಳಿಸಿ "ಪೀರ್‍ಯಾ, ನೀ ಇಲ್ಲೇ ಅದಿ?" ಎಂದರು. ಅವನು ನಗಲು ಹೋಗಿ ಅತ್ತುಬಿಟ್ಟ.

ಈಗ ದಿನಾ ಗಡಿಗೆ ಬರೆಯುತ್ತಾರೆ. ತಿರುಗಿಸುವ ಕೆಲಸ ಅವನದು. ಅಷ್ಟಷ್ಟೇ ಎಡಗಡೆಯ ರೊಟ್ಟಿಗೂ ಕೈ ಹೋಗುತ್ತಿದೆ.

ಅದಕ್ಕೇ ಹೇಳುತ್ತೇನೆ, ನಿನ್ನ ಬಳಿಯ ಚಿತ್ರ ತಿರುಗಿ ಕಳಿಸು. ಅದು ಅರ್ಧ, ವೈಜೂ. ರೊಟ್ಟಿಯ ಹಾಗೇ ಅರ್ಧ. ನಿನಗೆ ಮೊದಲ ಪತ್ರದಲ್ಲೇ ಬರೆದಿದ್ದೆ, ನಾನೇ ಮರೆತು ಅದನ್ನು ಪೂರ್ತಿ ಎಂದುಕೊಂಡೆ. ಕಾಗದವನ್ನು ತಿರುಗಿಸಿ ಕೊಟ್ಟರೆ ಉಳಿದದ್ದನ್ನೂ ಬರೆದಾರು. ಅಲ್ಲಿಯವರೆಗೆ ಯಾರಿಗೂ ತೋರಿಸಬೇಡ.

ನಿನ್ನ ಅಕ್ಕ


ಹುಮನಾಬಾದ
22 ಆಗಸ್ಟ್ 1948

ಅಕ್ಕನಿಗೆ,

ಚಿತ್ರ ಈಗ ನನ್ನ ಬಳಿ ಇಲ್ಲ. ಅಮೋಘಸಿದ್ದಪ್ಪ ಒಯ್ದಿದ್ದಾನೆ, ಕೊಡುತ್ತಾನೆ. ಅವನು ಈಗ ಇಲ್ಲಿ ಇರುವುದಿಲ್ಲ, ಗಡಿಯ ಆಚೆ, ನಿಜಾಮನ ವಿರುದ್ಧ ಹೋರಾಡುವವರ ಶಿಬಿರದಲ್ಲಿ ಇದ್ದಾನೆ.

"ಎರಡೂ ಮನಿ ಉಳೀತಾವ" ಎಂದನೇ? ತಪ್ಪು ಮಾಡದವನು ಹಾಗೆ ಅನ್ನುತ್ತಾನೆಯೇ? ನೀನು ಹೆಂಗರುಳಿನವಳು, ಅವನ ಕಣ್ಣೀರು ನಿನಗೆ ಸಾಕು. ನನಗೆ ಸಾಲದು. ಮಾಮಾನ ಕೈ ಬರೆದದ್ದನ್ನು ನಾನು ನಂಬುತ್ತೇನೆ.

ದಿನಗಳು ತಿರುಗುತ್ತಿವೆ. ಸೋಲಾಪುರದ ಕಡೆಯಿಂದ ಭಾರತದ ಫೌಜು ಬರುತ್ತದೆಂದು ಇಲ್ಲಿ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾರೆ. ಅದು ಬಂದಾಗ ಬಾಗಿಲು ಹಾಕಿಕೊಂಡು ಒಳಗಿರು. ಹೊರಗೆ ಯಾರು ಯಾರನ್ನು ಕರೆದರೂ ಹೋಗಬೇಡ. ಪಕ್ಕದ ಮನೆಯ ಉಸಾಬರಿ ಬೇಡ.

ವೈಜನಾಥ


ಕಲ್ಯಾಣಿ
12 ಸೆಪ್ಟೆಂಬರ್ 1948

ವೈಜೂ,

ಧೂಳಮ್ಮ ಬರುವುದನ್ನು ಬಿಟ್ಟಿದ್ದಾಳೆ. ಇದನ್ನು ಟಪಾಲಿಗೇ ಹಾಕುತ್ತಿದ್ದೇನೆ, ಯಾರಾದರೂ ಓದಿಕೊಳ್ಳಲಿ.

ನೀನು ಚಿತ್ರ ಕಳಿಸಲಿಲ್ಲವೆಂದು ಇವರಿಗೆ ಬೇರೆ ಕಾಗದ ಕೊಟ್ಟೆ. ಆ ದಿನದ ದಾರಿಯನ್ನೇ ಮತ್ತೆ ಬರೆದರು. ಮತ್ತೆ ಅದೇ ಎತ್ತು, ಅದೇ ಬಾರಕೋಲು, ಅದೇ ಅರ್ಧ. ನಾನು ಕಾಗದವನ್ನು ಬುಡಮೇಲು ಮಾಡಿ, ಖಾಲಿ ಮಗ್ಗಲನ್ನು ಅವರ ಬಲಕ್ಕೆ ತಂದೆ. ಕೈ ಒಮ್ಮೆ ತಡೆಯಿತು. ಆಮೇಲೆ ಬರೆಯತೊಡಗಿದರು. ಮನುಷ್ಯರು ತಲೆಕೆಳಗಾಗಿ ಬಂದರು, ನಾನು ಆಚೆ ನಿಂತು ನೋಡಿದೆ. ಖಾಕಿ ಅಂಗಿಯವರು. ಕೈಯಲ್ಲಿ ಬಡಿಗೆ. ಒಬ್ಬ ಬಡಿಗೆ ಎತ್ತಿದ್ದಾನೆ. ಪೀರ್ ಪಾಷಾ ನಡುವೆ ನಿಂತಿದ್ದಾನೆ, ವೈಜೂ. ಇವರು ಅವನ ಬೆನ್ನ ಹಿಂದೆ ಬಿದ್ದಿದ್ದಾರೆ. ಬಾರಕೋಲು ಎತ್ತಿದ್ದು ಆ ಖಾಕಿಯವರ ಮೇಲೆ. ಮುಂಗೈ ಬಾತದ್ದು ಬಂಡಿಯ ಕೆಳಗೆ ಸಿಕ್ಕಿ ಅಲ್ಲ.

ಚಿತ್ರವನ್ನು ಪೀರ್ ಪಾಷಾನ ಮುಂದಿಟ್ಟೆ. ಅಲ್ಲೇ ಕುಸಿದು ಕೂತ. "ನಮ್ಮ ಮಂದಿ ಮ್ಯಾಲ ನಾನೇ ಕೈ ಎತ್ತೀನಿ ಅಂತ ಗೊತ್ತಾದ್ರ ನನ್ನ ಮನಿ ಸುಡತಾರ್ರಿ ವೈನಿ. ಅದಕ್ಕ ಸುಳ್ಳು ಹೇಳ್ದೆ" ಎಂದ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡು ನಮ್ಮ ಮನೆಯಲ್ಲೇ ಬಂದು ಕೂಡುತ್ತಿದ್ದ.

ಇದು ಕೈ ಮುಟ್ಟಿದ ಕೂಡಲೇ ಆ ಅಮೋಘಸಿದ್ದಪ್ಪನನ್ನು ಹುಡುಕು. ಚಿತ್ರ ಕಸಿದುಕೊಂಡು ಸುಡು. ನಿನಗೆ ಕೈ ಮುಗಿಯುತ್ತೇನೆ.

ಅಕ್ಕ


ಕಲ್ಯಾಣಿ
14 ನವೆಂಬರ್ 1948

ವೈಜನಾಥನಿಗೆ,

ಟಪಾಲು ಮತ್ತೆ ಶುರುವಾಗಿದೆ ಎನ್ನುತ್ತಾರೆ. ನನ್ನ ಪತ್ರ ನಿನಗೆ ಯಾವಾಗ ಮುಟ್ಟಿತೋ, ಮುಟ್ಟಿತೋ ಇಲ್ಲವೋ ತಿಳಿಯದು.

ಫೌಜು ರಾಜೇಶ್ವರದ ಮೇಲೆ ಹಾದು ನಿಮ್ಮೂರಿನ ಕಡೆಗೆ ಹೋಯಿತು. ನಮಗೆ ದೂಳು ಕಂಡಿತು, ಅಷ್ಟೇ. ಅದರ ಹಿಂದೆ ಸೇಡಿಗೆಂದು ಬಂದವರು ಬೇರೆ. ಪೀರ್ ಪಾಷಾ, ವಜೀರಬಿ ಇಬ್ಬರನ್ನೂ ನಾನು ನಮ್ಮ ಮನೆಯೊಳಗೆ ಕರೆದುಕೊಂಡಿದ್ದೆ. ನೀನು ಬೇಡವೆಂದಿದ್ದೆ. ಕೇಳಲಿಲ್ಲ. ಇವರು ಗಡಿಗೆ ಬರೆಯುತ್ತಿದ್ದರು, ಅವನು ಎಂದಿನಂತೆ ಎಡಗಡೆ ಕೂತು ತಿರುಗಿಸುತ್ತಿದ್ದ. ಕೈಗೆ ಕೆಲಸ ಇದ್ದರೆ ಎದೆ ಹೊಡೆದುಕೊಳ್ಳುವುದು ತಿಳಿಯುವುದಿಲ್ಲ ಎನ್ನುತ್ತಿದ್ದ.

ಹೊರಗೆ ಮಂದಿ ನಿಂತು ಪೀರ್ ಪಾಷಾನ ಹೆಸರು ಹಿಡಿದು ಕೂಗಿದರು. ನಮ್ಮ ಓಣಿಯವರಲ್ಲ, ಅವರಿಗೆ ಹೆಸರು ಹೇಗೆ ಗೊತ್ತು ಎಂದುಕೊಂಡೆ. ಬಾಗಿಲ ಸಂದಿಯಲ್ಲಿ ನೋಡಿದರೆ ಮುಂದೆ ನಿಂತವನ ಕೈಯಲ್ಲಿ ಒಂದು ಕಾಗದ. ಬಲಗಡೆ ಇದ್ದಿಲಿನ ಗೆರೆ, ಎಡಗಡೆ ಬಿಳಿ. ಧೂಳಮ್ಮನ ಬುಟ್ಟಿಗೆಂದು ನಾನು ಮಡಿಸಿದ ಗುರುತುಗಳೂ ಹಾಗೇ ಇದ್ದವು.

ನಾನು ಪೂರ್ತಿ ಚಿತ್ರ ತಂದು ಬಾಗಿಲಲ್ಲಿ ಹಿಡಿದು ನಿಂತೆ. "ಇದನ್ನ ನೋಡ್ರಪ್ಪಾ, ಎಡಗಡಿ ನೋಡ್ರಿ, ಅವನೇ ಉಳಿಸ್ಯಾನ" ಎಂದು ಕೂಗಿದೆ. ಯಾರೂ ನೋಡಲಿಲ್ಲ. "ಆಚಿ ಸರೀ ತಂಗೆವ್ವಾ, ಇಲ್ಲಾಂದ್ರ ಮನಿಗೇ ಬೆಂಕಿ ಇಡತೀವಿ" ಎಂದರು. ಆ ಮಾತು ಕೇಳಿ ಪೀರ್ ಪಾಷಾ ಎದ್ದ. ಆಗ ನಿನ್ನ ಮಾಮಾ ಎಡಗೈ ಚಾಚಿ ಅವನ ಅಂಗಿ ಹಿಡಿದರು. ಆ ಕೈ ಏನನ್ನಾದರೂ ಹಿಡಿದು ಎಂಟು ತಿಂಗಳ ಮೇಲಾಗಿತ್ತು. ಹಿಡಿಯಿತು. ಹಿಡಿದಿಡುವಷ್ಟು ಬಲ ಇರಲಿಲ್ಲ. ಪೀರ್ ಪಾಷಾ ಒಂದೊಂದೇ ಬೆರಳು ಬಿಡಿಸಿ, "ಗಡಿಗಿ ನೀವೇ ತಿರಗಸ್ಕೋರಿ ಬಂಡೆಪ್ಪಣ್ಣಾ" ಎಂದು ಹೊರಗೆ ಹೋದ.

ರಾಜೇಶ್ವರದ ಹಾದಿಯ ಜೋಳದ ಹೊಲದಲ್ಲಿ ಸಿಕ್ಕ. ಮಣ್ಣು ಕೊಡಲು ನಮ್ಮ ಓಣಿಯ ನಾಲ್ವರು ಹೋಗಿದ್ದರು, ಇವರೂ ಹೋದರು. ವಜೀರಬಿ ನಮ್ಮ ಮನೆಯಲ್ಲೇ ಇದ್ದಾಳೆ.

ಒಂದೇ ಮಾತು ಕೇಳುತ್ತೇನೆ. ಆ ಕಾಗದದ ಜೊತೆ ಹೆಸರನ್ನೂ ಯಾರು ಕೊಟ್ಟರು?

ಭೀಮಬಾಯಿ


ಹುಮನಾಬಾದ
9 ಡಿಸೆಂಬರ್ 1948

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಸೆಪ್ಟೆಂಬರಿನ ಪತ್ರ ಅಕ್ಟೋಬರಿನಲ್ಲಿ ಬಂತು. ನವೆಂಬರಿನದೂ ಬಂತು. ಆದದ್ದು ಆಗಬಾರದಿತ್ತು. ಆ ದಿನಗಳಲ್ಲಿ ಯಾರ ಕೈಯಲ್ಲಿ ಏನಿತ್ತೆಂದು ಯಾರು ಹೇಳಲು ಸಾಧ್ಯ? ನಾನು ಅಂಗಡಿ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಅಮೋಘಸಿದ್ದಪ್ಪ ಊರು ಬಿಟ್ಟಿದ್ದಾನೆ.

ಇಲ್ಲಿ ಈಗ ಎಲ್ಲ ಶಾಂತವಾಗಿದೆ. ಹೊಸ ಕಚೇರಿಯಲ್ಲಿ ಕನ್ನಡ ಬರೆಯಬಲ್ಲವರು ಬೇಕಂತೆ, ಅರ್ಜಿ ಹಾಕಿದ್ದೇನೆ. ಮಾಮಾಗೆ ಎಡಗೈ ಬಂತೆಂದು ಓದಿ ಸಂತೋಷವಾಯಿತು.

ವೈಜನಾಥ


ಹುಮನಾಬಾದ
26 ಫೆಬ್ರವರಿ 1950

ಮಾತೋಶ್ರೀ ಸಮಾನಳಾದ ಅಕ್ಕನಿಗೆ ವೈಜನಾಥನ ಸಾಷ್ಟಾಂಗ ನಮಸ್ಕಾರ.

ವರ್ಷದ ಮೇಲಾಯಿತು ನೀನು ಬರೆದು. ನಾನೂ ಬರೆಯಲಿಲ್ಲ, ಕಚೇರಿಯ ಕೆಲಸ. ನನ್ನ ಮದುವೆ ಗೊತ್ತಾಗಿದೆ. ಹುಡುಗಿ ಇಲ್ಲಿಯವಳೇ, ಓದು ಬಲ್ಲವಳು. ಬೇಸಿಗೆಯಲ್ಲಿ ಲಗ್ನ. ಅಪ್ಪ ಅವ್ವ ಇಲ್ಲದ ಮನೆಗೆ ನೀನೇ ಅವ್ವ, ನೀನು ಬಂದು ನಿಲ್ಲದಿದ್ದರೆ ಹಂದರ ಖಾಲಿ.

ಐರಾಣಿ ಗಡಿಗೆಯನ್ನು ಮಾಮಾ ಬರೆಯಬೇಕೆಂದು ನನ್ನ ಆಸೆ. ಅವರ ಕೈ ಮೊದಲಿಗಿಂತ ಚೆನ್ನಾಗಿದೆ, ಬೀದರಿನ ತನಕ ಹೆಸರಾಗಿದೆ ಎಂದು ಧೂಳಮ್ಮ ಹೇಳಿದಳು. ನವಿಲು, ಬಾಳೆ, ಆನೆ ಯಾವುದಾದರೂ ಇರಲಿ. ಹಳೆಯದನ್ನೆಲ್ಲ ಬಿಟ್ಟುಬಿಡೋಣ ಅಕ್ಕ.

ವೈಜನಾಥ


ಕಲ್ಯಾಣಿ
16 ಏಪ್ರಿಲ್ 1950

ವೈಜನಾಥ,

ನಿನ್ನ ಪತ್ರವನ್ನು ಇವರಿಗೆ ಓದಿ ಹೇಳಿದೆ. ಬರೆಯುವುದಿಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. "ಹುಡುಗನ ಲಗ್ನ ಅದ, ಬರೀಬೇಕು" ಎಂದರು. ಈಗ ಅವರ ಮೈಯಲ್ಲಿ ಯಾವ ಊನವೂ ಇಲ್ಲ. ಎಡಗೈಯಲ್ಲಿ ಗಡಿಗೆ ಹಿಡಿದು ತಾವೇ ತಿರುಗಿಸುತ್ತಾರೆ, ಬಲಗೈ ಬರೆಯುತ್ತದೆ. ತಾಟಿನ ರೊಟ್ಟಿ ಪೂರ್ತಿ ತಿನ್ನುತ್ತಾರೆ. ಡಾಕ್ಟರು ಬಂದು ನೋಡಿ, ಔಷಧಿ ಮಾಡಲಾಗದ್ದನ್ನು ಬಣ್ಣ ಮಾಡಿದೆ ಎಂದರು. ಕೆಲಸಕ್ಕೆ ಕೂಡುವ ಮುಂಚೆ ಮಾತ್ರ ಒಮ್ಮೆ ಎಡಕ್ಕೆ ತಿರುಗಿ ನೋಡುತ್ತಾರೆ. ನೋಡುವುದನ್ನು ಕಲಿಸಿದವನಿಗಾಗಿ ನೋಡುತ್ತಾರೆ. ಅಲ್ಲಿ ಗೋಡೆ ಇರುತ್ತದೆ. ಆ ಹೊತ್ತಿಗೆ ನಾನು ಒಳಗೆ ಹೋಗಿ ಅಳುತ್ತೇನೆ, ದಿನಾ ಅಳುತ್ತೇನೆ.

ಆ ಹೆಸರನ್ನು ಯಾರು ಕೊಟ್ಟರೆಂದು ಕೇಳಿದ್ದೆ. ನೀನು ಕಚೇರಿಗೆ ಅರ್ಜಿ ಹಾಕಿದ ಸುದ್ದಿ ಬರೆದೆ. ನನಗೆ ಉತ್ತರ ತಿಳಿಯಿತು. ಇವರಿಗೆ ಹೇಳಿಲ್ಲ. ಹೇಳದಿದ್ದರೂ ತಿಳಿದಿದೆ ಎಂದು ಗಡಿಗೆ ನೋಡಿದ ಮೇಲೆ ಗೊತ್ತಾಯಿತು.

ಗಡಿಗೆ ಕಳಿಸುತ್ತಿದ್ದೇನೆ. ನವಿಲಿಲ್ಲ, ಆನೆಯಿಲ್ಲ. ಸುತ್ತಲೂ ರಾಜೇಶ್ವರದ ಹಾದಿ ಇದೆ. ಒಂದು ಮಗ್ಗಲಿಗೆ ಕೊಂಬು ಮುರಿದ ಎತ್ತು, ಬಾರಕೋಲು ಎತ್ತಿದ ಪೀರ್ ಪಾಷಾ. ತಿರುಗಿಸಿದರೆ ಖಾಕಿಯವರು, ಬಡಿಗೆ. ಇನ್ನೂ ತಿರುಗಿಸಿದರೆ ಜೋಳದ ಹೊಲ, ಅದರ ಮುಂದೆ ಕಾಗದ ಹಿಡಿದು ನಿಂತ ಮಂದಿ. ಅವರ ಹಿಂದೆ ಒಂದು ಅಡತಿ ಅಂಗಡಿ, ಬಾಗಿಲಲ್ಲಿ ಒಬ್ಬ ಹರೆಯದವನು. ಅವನ ಮುಖ ಬರೆದಿಲ್ಲ, ಬರೀ ಸುಣ್ಣ. ಎಲ್ಲೂ ಖಾಲಿ ಬಿಡದವರು ಅದೊಂದನ್ನು ಬಿಟ್ಟಿದ್ದಾರೆ. ಬಣ್ಣ ಬೇಕೇ ಎಂದು ಕೇಳಿದೆ. "ಅವನೇ ತುಂಬಲಿ, ಬರೆಯೋದು ನಾನೇ ಕಲಿಸೀನಿ" ಎಂದರು.

ನಾನು ಮದುವೆಗೆ ಬರುವುದಿಲ್ಲ. ವಜೀರಬಿಯನ್ನು ಒಬ್ಬಳನ್ನೇ ಬಿಟ್ಟು ಬರಲಾರೆ. ಗಡಿಗೆಗೆ ಹುಲ್ಲು ಸುತ್ತಿ ಬಸ್ಸಿನ ತನಕ ಹೊತ್ತು ತಂದವಳು ಅವಳೇ. ಯಾರ ಮದುವೆಗೆಂದು ಅವಳಿಗೆ ಗೊತ್ತು. ಒಡೆಯಬಾರದೆಂದು ಮಗುವಿನ ಹಾಗೆ ಹಿಡಿದಿದ್ದಳು.

ಪೂಜೆಗೆ ಇಡುವಾಗ ಯಾವ ಮಗ್ಗಲು ಮದುಮಕ್ಕಳ ಎದುರಿಗೆ ಬರಬೇಕೆಂದು ಇವರನ್ನು ಕೇಳಿದೆ, ನಿನಗೆ ಬರೆಯಲೆಂದು. ಕುಂಚ ತೊಳೆಯುತ್ತಾ ಹೇಳಿದರು: "ಯಾವ ಮಗ್ಗಲರೇ ಇಡವಲ್ಲನ್ಯಾಕ. ಗಡಿಗಿ ಅದ. ತಿರಗತದ."

ಭೀಮಬಾಯಿ